ಸಂಜೆ ಎಂಟಕ್ಕೆ ನೆಟ್ ಯಾಕ ಕುಂಟ್ತದ?

ಹೋದ ಸಂಚಿಕೆಯಲ್ಲಿ ಪತ್ರಿಕೆಯವರು ‘ಇಂಟರ್‌ನೆಟ್ ಬಗ್ಗೆ ಕೇಳಿ’ ಅಂತ ಒಂದು ಸಾಲು ಹಾಕಿದ್ದಕ್ಕೆ ಕೈಚೀಲದ ತುಂಬ ಕಾಗದ ಬಂದಿವೆ. ಉತ್ತರ ಬರೆಯಬೇಕಾದ ನಾನು ಪ್ರೊಫೆಸರ್ ಅಲ್ಲ. ಕಲಬುರಗಿಯಲ್ಲಿ ಕೇಬಲ್ ಟಿವಿ ವೈರು ಎಳೆದು ಕೈ ಒರಟು ಮಾಡಿಕೊಂಡವನು. ಆಮೇಲೆ ಮಾಳಿಗೆ ಮೇಲೆ ಆಂಟೆನಾ ಕೂಡಿಸಿ ಜೇವರ್ಗಿ, ಚಿತ್ತಾಪುರ ಕಡೆಯ ಹಳ್ಳಿಗಳಿಗೆ ಗಾಳಿ ಮೇಲೆ ಇಂಟರ್‌ನೆಟ್ ಕೊಡುವ ಧಂದೆಗೆ ಇಳಿದವನು. ಬಂದ ಕಾಗದಗಳಲ್ಲಿ ಹೆಚ್ಚಿನವು ಬೈಗುಳ. ಅವನ್ನು ಮಡಚಿಟ್ಟು ಉಳಿದವನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆ ಶಿಕ್ಷಕ. ಮಾಳಿಗೆ ಮೇಲೆ ಡಿಶ್ ಹಾಕಿಸಿ 50 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದೇನೆ. ಹಗಲು ಹೊತ್ತು 45ರ ಮೇಲೆ ತೋರಿಸುತ್ತದೆ. ರಾತ್ರಿ ಎಂಟಾದರೆ 4, ಬಹಳ ಅಂದರೆ 5. ಹತ್ತೂವರೆಗೆ ಮತ್ತೆ ಸರಿಯಾಗುತ್ತದೆ. ಇದು ಮೋಸವಲ್ಲದೆ ಮತ್ತೇನು?

ಉತ್ತರ: ಅರ್ಧ ಮೋಸ, ಅರ್ಧ ಅಲ್ಲ, ಮಾಸ್ತರೇ. ಮೋಸವಲ್ಲದ ಅರ್ಧ ಮೊದಲು ಹೇಳುತ್ತೇನೆ.

ಟವರಿನಿಂದ ನಿಮ್ಮ ಡಿಶ್ಶಿಗೆ ಅಂತ ಬೇರೆ ದಾರಿ ಇಲ್ಲ. ಟವರಿನ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಸೆಕ್ಟರ್ ಆಂಟೆನಾ ಇದ್ದರೆ ಒಂದೊಂದು 90 ಡಿಗ್ರಿ ನೋಡುತ್ತದೆ. ನಿಮ್ಮೂರ ಕಡೆ ಮುಖ ಮಾಡಿದ ಸೆಕ್ಟರಿನಲ್ಲಿ ಎಷ್ಟು ಮನೆ ಇವೆಯೋ ಅಷ್ಟಕ್ಕೂ ಒಂದೇ ಚಾನೆಲ್, ಅಂದರೆ ಗಾಳಿ ಮೇಲೆ ಮಾಹಿತಿ ಸಾಗುವ ಒಂದೇ ದಾರಿ. ನನ್ನದೇ ಒಂದು ಸೆಕ್ಟರಿನ ಲೆಕ್ಕ ಬಿಚ್ಚಿಡುತ್ತೇನೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ (ಆ ದಾರಿಯ ಅಗಲ ಅಳೆಯುವ ಮಾನ). ಕಾಗದದ ಮೇಲೆ ರೇಡಿಯೋ 173 ಎಂಬಿಪಿಎಸ್ ಹೇಳುತ್ತದೆ. ಪಾಳಿ ಕಾಯುವ ಹೊತ್ತು, ದಾರಿಯಲ್ಲಿ ಕೆಟ್ಟ ತುಣುಕನ್ನು ಮತ್ತೆ ಕಳಿಸುವ ಹೊತ್ತು, ಅಪ್‌ಲೋಡಿಗೆ ಬಿಟ್ಟ ಹೊತ್ತು ಎಲ್ಲ ಕಳೆದರೆ ಕೈಗೆ ಹತ್ತುವುದು 70ರಿಂದ 80. ಅದರಲ್ಲಿ 38 ಮನೆ. ಮಧ್ಯಾಹ್ನ ಮೂರು–ನಾಲ್ಕು ಮನೆಯವರು ಬಳಸುತ್ತಿರುತ್ತಾರೆ, ಆಗ ಸ್ಪೀಡ್ ಟೆಸ್ಟ್ ಒತ್ತಿದವರಿಗೆ 45 ಸಿಕ್ಕೇ ಸಿಗುತ್ತದೆ. ರಾತ್ರಿ ರೊಟ್ಟಿ ಉಂಡು ಕೈ ತೊಳೆದು ಎಲ್ಲರೂ ಕೂಡುವ ಹೊತ್ತು ಬೇರೆ. ಒಂದು ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಬೇಕು. ಇಪ್ಪತ್ತು ಮನೆಯಲ್ಲಿ ಒಂದೊಂದು ಓಡಿದರೆ ನೂರಾಯಿತು. ಐಪಿಎಲ್ ದಿನ ಇಪ್ಪತ್ತಲ್ಲ, ಮೂವತ್ತೈದು.

ಎಲ್ಲರೂ ಒಮ್ಮೆಲೇ ಬಳಸುವುದಿಲ್ಲ ಅನ್ನುವ ಲೆಕ್ಕದ ಮೇಲೆಯೇ ಇಂಟರ್‌ನೆಟ್ ಮಾರಾಟ ನಡೆದು ಬಂದಿದೆ. ಆ ಲೆಕ್ಕ ಹಾಕಿದಾಗ ಜನ ಮೇಲ್ ನೋಡಿ, ಪರೀಕ್ಷೆ ಫಲಿತಾಂಶ ನೋಡಿ ಮುಚ್ಚುತ್ತಿದ್ದರು. 2004ರಲ್ಲಿ 256 ಕೆಬಿಪಿಎಸ್ (ಸುಮಾರು ಕಾಲು ಎಂಬಿಪಿಎಸ್) ಬಂದರೆ ಸರ್ಕಾರ ಅದನ್ನು ಬ್ರಾಡ್‌ಬ್ಯಾಂಡ್ ಅನ್ನುತ್ತಿತ್ತು. 2013ರಲ್ಲಿ 512 ಆಯಿತು, 2023ರಲ್ಲಿ 2 ಎಂಬಿಪಿಎಸ್. ಕಾಗದದ ಮೇಲಿನ ಆ 2 ಎಂಬಿಪಿಎಸ್ಸಿನಲ್ಲಿ ಇವತ್ತು ನಿಮ್ಮ ಮನೆಯ ಒಂದು ಟಿವಿಯೂ ನೆಟ್ಟಗೆ ಓಡುವುದಿಲ್ಲ. ನನ್ನ ಸೆಕ್ಟರಿನ 20 ಮೆಗಾಹರ್ಟ್ಸ್ ಮಾತ್ರ 20 ಆಗಿಯೇ ಕೂತಿದೆ.

ಇನ್ನು ಮೋಸದ ಅರ್ಧ. 38 ಮನೆಗೇ ಉಸಿರು ಕಟ್ಟುತ್ತಿದೆ ಅಂತ ಗೊತ್ತಿದ್ದೂ 39ನೆಯವರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡರೆ ಅದು ಮೋಸ. ‘50 ಎಂಬಿಪಿಎಸ್’ ಅಂತ ಗೋಡೆ ಮೇಲೆ ದಪ್ಪಗೆ ಬರೆಸಿ ‘ವರೆಗೆ’ ಅನ್ನುವುದನ್ನು ಇರುವೆ ಕಾಲಿನಷ್ಟು ಬರೆಸುವುದೂ ಮೋಸವೇ. ನಾನೂ ಬರೆಸಿದ್ದೆ. ಈಗ ‘ರಾತ್ರಿ 8ಕ್ಕೂ 10 ಸಿಗುತ್ತದೆ’ ಅಂತ ಹೇಳಿ ಮಾರುತ್ತೇನೆ, ಗಿರಾಕಿ ಕಡಿಮೆ, ಫೋನೂ ಕಡಿಮೆ.

ಇದರೊಳಗೆ ಇನ್ನೊಂದು ಗುಟ್ಟಿದೆ. ಬೇಸಿಗೆಯಲ್ಲಿ ನಮ್ಮ ಓಣಿಗೆ ನಳ ಬರುವುದು ಒಂದು ತಾಸು. ಎಲ್ಲರೂ ಅಗಲ ಬಾಯಿಯ ಕೊಡ ಇಟ್ಟರೆ ಪಾಳಿ ಸರಸರ ಸರಿಯುತ್ತದೆ. ಒಬ್ಬರು ಸಣ್ಣ ಬಾಯಿಯ ಬಾಟ್ಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತರೆ? ಅವರು ಒಯ್ಯುವ ನೀರು ಹೆಚ್ಚಲ್ಲ, ತಿನ್ನುವ ಹೊತ್ತು ಹೆಚ್ಚು. ಗಾಳಿ ಮೇಲಿನ ಇಂಟರ್‌ನೆಟ್ಟಿನಲ್ಲಿ ನಾವು ಹಂಚುವುದು ಎಂಬಿಪಿಎಸ್ ಅಲ್ಲ, ಹೊತ್ತು. ಸಿಗ್ನಲ್ ಚೆನ್ನಾಗಿದ್ದ ಮನೆಯ ಜೊತೆ ರೇಡಿಯೋ 130ರ ವೇಗದಲ್ಲಿ ಮಾತಾಡುತ್ತದೆ. ಅದಕ್ಕೆ 5 ಎಂಬಿಪಿಎಸ್ ವಿಡಿಯೋ ಕೊಡಲು ನೂರರಲ್ಲಿ ನಾಲ್ಕು ಪಾಲು ಹೊತ್ತೂ ಬೇಡ. ಸಿಗ್ನಲ್ ಸತ್ತ ಮನೆಯ ಜೊತೆ ಅದೇ ರೇಡಿಯೋ 6.5ಕ್ಕೆ ಇಳಿಯುತ್ತದೆ. ಅದೇ ವಿಡಿಯೋಗೆ ಆ ಒಂದೇ ಮನೆ ನೂರರಲ್ಲಿ 77 ಪಾಲು ಹೊತ್ತು ನುಂಗುತ್ತದೆ.

ಇದು ಪುಸ್ತಕದ ಲೆಕ್ಕ ಅನ್ನಬೇಡಿ. ಭೀಮಾ ದಂಡೆಯ ಒಂದು ಊರಲ್ಲಿ ನಾವು ಶಿವರಾತ್ರಿಯ ಹೊತ್ತಿಗೆ ಒಂದು ಮನೆಗೆ ಡಿಶ್ ಹಾಕಿದ್ದೆವು. ಸಿಗ್ನಲ್ ಮೈನಸ್ 58 (ಈ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ), ಕೈ ಮುಗಿಯಬೇಕು ಅಂಥದ್ದು. ಯುಗಾದಿ ದಾಟಿದ್ದೇ ತಡ, ಇಡೀ ಸೆಕ್ಟರ್ ರಾತ್ರಿ ಮಲಗತೊಡಗಿತು. ನಾನು ಟವರ್ ಹತ್ತಿದೆ, ರೇಡಿಯೋ ಬದಲಿಸಿದೆ, ಚಾನೆಲ್ ಬದಲಿಸಿದೆ, ಹುಡುಗರಿಗೆ ಸುಮ್ಮಸುಮ್ಮನೆ ಬೈದೆ. ಹತ್ತು ದಿನ ಆದ ಮೇಲೆ ಮನೆ ಮನೆಯ ಪಟ್ಟಿ ತೆಗೆದು ನೋಡಿದರೆ ಆ ಮನೆ ಮೈನಸ್ 83ಕ್ಕೆ ಬಿದ್ದಿತ್ತು. ಹೋಗಿ ನೋಡಿದೆ: ಡಿಶ್ಶಿನ ಮುಂದೆ ಬೇವಿನ ಗಿಡ. ಹಾಕಿದಾಗ ಎಲೆ ಉದುರಿಸಿ ಬೋಳಾಗಿ ನಿಂತಿತ್ತು, ಈಗ ಮೈತುಂಬ ಚಿಗುರು. ನೀರು ತುಂಬಿದ ಹಸಿ ಎಲೆ 5 ಗಿಗಾಹರ್ಟ್ಸ್ ಅಲೆಯನ್ನು ಕುಡಿದುಬಿಡುತ್ತದೆ. ಆ ಮನೆಯಾಯಿ ಬಾಗಿಲಲ್ಲೇ ನಿಂತಿದ್ದಳು: “ಗಿಡಕ್ಕ ಕೈ ಹಚ್ಚೀರಿ ಅಂದ್ರ ನೋಡ್ರಿ ಮತ್ತ. ನಿಮ್ಮ ನೆಟ್ ಹೋದ್ರ ಹೋಗ್ಲಿ, ನನ್ನ ನೆಳ್ಳ ಹೋಗಬಾರ್ದು.” ಗಿಡ ಉಳಿಯಿತು. ಡಿಶ್ಶನ್ನು ಕುಂಬಿಯ ಇನ್ನೊಂದು ಮೂಲೆಗೆ ಒಯ್ದು, ಪೈಪು ಎರಡು ಮೀಟರ್ ಎತ್ತರಿಸಿದೆವು. ಅವತ್ತು ರಾತ್ರಿ ಉಳಿದ 37 ಮನೆಯಿಂದ ಒಂದೂ ಫೋನ್ ಬರಲಿಲ್ಲ. ಒಬ್ಬರಾದರೂ ಫೋನ್ ಮಾಡಿ ಚೆನ್ನಾಗಿದೆ ಅಂದಿದ್ದರೆ ಆಗುತ್ತಿತ್ತು, ಇರಲಿ.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಲ್ಯಾಪ್‌ಟಾಪಿಗೆ ನೇರ ವೈರು ಚುಚ್ಚಿ ರಾತ್ರಿ ಎಂಟೂವರೆಗೆ ಅಳೆಯಿರಿ. ಎಷ್ಟೋ ಸಲ ತಪ್ಪು ಮನೆಯೊಳಗಿನ ವೈಫೈದೇ ಇರುತ್ತದೆ. ಆಮೇಲೆ ನಿಮ್ಮ ಸೇವೆಯವರನ್ನು ಎರಡೇ ಮಾತು ಕೇಳಿ: ನನ್ನ ಡಿಶ್ಶಿನ ಸಿಗ್ನಲ್ ಎಷ್ಟು, ನನ್ನ ಸೆಕ್ಟರಿನಲ್ಲಿ ಎಷ್ಟು ಮನೆ? ಮೈನಸ್ 60ರ ಆಸುಪಾಸು ಇದ್ದರೆ ನಿಮ್ಮ ಕಡೆ ದೋಷವಿಲ್ಲ. ಮೈನಸ್ 75 ದಾಟಿದ್ದರೆ ಬಾಟ್ಲಿ ಹಿಡಿದು ಕೂತವರು ನೀವೇ. ಎರಡನೆಯದಕ್ಕೆ ಅವರು ಉತ್ತರ ಕೊಡದೆ ನಕ್ಕರೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಬೀದರ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸ್ಪೆಕ್ಟ್ರಂ (ರೇಡಿಯೋ ಅಲೆಗಳ ಪಟ್ಟಿ) ಕೊರತೆ ಅಂತ ಎಲ್ಲ ಕಡೆ ಓದುತ್ತೇನೆ. ಗಾಳಿ ಖರ್ಚಾಗಿ ಮುಗಿಯುವ ವಸ್ತುವೇ? ನಿಮ್ಮಂಥವರು ಚಾನೆಲ್ಲಿನ ಅಗಲ ಹೆಚ್ಚಿಸಿಕೊಂಡರೆ ಸಮಸ್ಯೆ ತೀರುವುದಿಲ್ಲವೇ?

ಉತ್ತರ: ತಂಗಿ, ನಿನ್ನ ಪ್ರಶ್ನೆಯ ಎರಡನೇ ಅರ್ಧವನ್ನು ನಾನು ಕೈಯಾರೆ ಮಾಡಿ ನೋಡಿ ಪೆಟ್ಟು ತಿಂದಿದ್ದೇನೆ.

ಖರ್ಚಾಗಿ ಮುಗಿಯುವುದಿಲ್ಲ, ನಿಜ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಒಂದೇ ಕಂಪನದಲ್ಲಿ ಇಬ್ಬರು ಮಾತಾಡಿದರೆ ಇಬ್ಬರದೂ ಕೇಳುವುದಿಲ್ಲ, ಕೊರತೆ ಅಂದರೆ ಅಷ್ಟೇ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆ ಸ್ವತ್ತಿನ ಬಹುಪಾಲು ಸೇನೆಗೆ, ವಿಮಾನಕ್ಕೆ, ಉಪಗ್ರಹಕ್ಕೆ, ಹರಾಜಿನಲ್ಲಿ ಕೊಂಡ ಮೊಬೈಲ್ ಕಂಪನಿಗಳಿಗೆ ಹಂಚಿಹೋಗಿದೆ. 2022ರ ಹರಾಜಿನಲ್ಲಿ ಆ ಕಂಪನಿಗಳು ಕೂಗಿದ ಒಟ್ಟು ಬೆಲೆ ಒಂದೂವರೆ ಲಕ್ಷ ಕೋಟಿ ರೂಪಾಯಿ. ನನ್ನಂಥವನು ಆ ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ. ನಮ್ಮ ಪಾಲಿಗೆ ಇರುವುದು ಗಾಂವಠಾಣದಂಥ ಬಯಲು: ಯಾರು ಬೇಕಾದರೂ ದನ ಬಿಡಬಹುದಾದ ಪಟ್ಟಿ. 2005ರಲ್ಲಿ 2.4 ಗಿಗಾಹರ್ಟ್ಸ್ ಹತ್ತಿರ 83.5 ಮೆಗಾಹರ್ಟ್ಸ್ ಬಿಟ್ಟರು. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ, 1, 6, 11. ಈಗ ಎಲ್ಲರ ಮನೆ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಅಲ್ಲೇ ಮೇಯುತ್ತವೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಕಡೆ ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾಯಿತು. ಅವತ್ತು ನಾನು ಅಂಗಡಿಯಲ್ಲಿ ಪೇಢೆ ಹಂಚಿದ್ದೆ.

ನನ್ನ ಹಳೆಯ ರೇಡಿಯೋಗಳೆಲ್ಲ ಅದರ ಮೇಲ್ತುದಿಯ 150 ಮೆಗಾಹರ್ಟ್ಸಿನಲ್ಲೇ, 5725ರಿಂದ 5875ರೊಳಗೆ, ಇದ್ದವು. 20ರ ಚಾನೆಲ್ ಅಲ್ಲಿ ಏಳು ಹಿಡಿಸುತ್ತವೆ, 80ರದು ಒಂದೇ. ಒಂದು ದಸರಾಕ್ಕೆ ಊರಿನ ಇನ್ನೊಬ್ಬ ಆಪರೇಟರ್ 100 ಎಂಬಿಪಿಎಸ್ ಅಂತ ಆಟೋದಲ್ಲಿ ಮೈಕು ಕೂಗಿಸಿದ. ನನಗೆ ಮೈ ಉರಿಯಿತು. ಆ ರಾತ್ರಿಯೇ ಮುಖ್ಯ ಸೆಕ್ಟರನ್ನು 20ರಿಂದ 80ಕ್ಕೆ ಅಗಲ ಮಾಡಿದೆ. ಟವರಿನ ಹತ್ತಿರದ ಮನೆಯವರು ಮರುದಿನ 200 ಬಂತು ಅಂತ ಫೋಟೋ ಕಳಿಸಿದರು. ಎರಡು ದಿನ ಎದೆ ಉಬ್ಬಿಸಿ ತಿರುಗಿದೆ. ಮೂರನೆಯ ರಾತ್ರಿ ದೂರದ ಹಳ್ಳಿಗಳು ಪೂರ್ತಿ ಬಿದ್ದವು.

ಕಾರಣ ನಿನಗೆ ಕಾಲೇಜಿನಲ್ಲಿ ಹೇಳಿರುತ್ತಾರೆ. 1948ರಲ್ಲಿ ಕ್ಲಾಡ್ ಶಾನನ್ ಬರೆದಿಟ್ಟ ಸೂತ್ರ ಅದು. ದಾರಿ ಅಗಲವಾದರೆ ಸಾಗುವ ಮಾಹಿತಿ ಹೆಚ್ಚುತ್ತದೆ, ಆದರೆ ಗದ್ದಲಕ್ಕಿಂತ ನಿನ್ನ ದನಿ ಮೇಲಿದ್ದರೆ ಮಾತ್ರ. ಅಗಲ ಪ್ರತಿ ಸಲ ಎರಡು ಪಟ್ಟಾದಾಗ ಕಿವಿಗೆ ಬೀಳುವ ಗದ್ದಲ 3 ಡೆಸಿಬಲ್ ಏರುತ್ತದೆ, ಅಂದರೆ ಅದೂ ಎರಡು ಪಟ್ಟು. 20ರಿಂದ 80 ಅಂದರೆ 6. ರೇಡಿಯೋದ ಶಕ್ತಿ ಮಾತ್ರ ಇದ್ದಷ್ಟೇ. ಹತ್ತಿರದವರಿಗೆ 6 ಡೆಸಿಬಲ್ ಲೆಕ್ಕಕ್ಕಿಲ್ಲ, ಎಂಟು ಕಿಲೋಮೀಟರ್ ಆಚೆಯವನಿಗೆ ಅದೇ ಕೊನೆಯುಸಿರು. ಅದರ ಮೇಲೆ ಆ ಅಗಲದೊಳಗೆ ಬೇರೆಯವರೆಲ್ಲರ ಚಾನೆಲ್ಲೂ ನನ್ನ ಕಿವಿಗೆ ಬಿದ್ದವು, ನನ್ನದು ಅವರ ಕಿವಿಗೆ. ಮೈಕು ಕೂಗಿಸಿದವನೂ ಸಿಟ್ಟಿಗೆದ್ದು ತನ್ನದನ್ನು 80 ಮಾಡಿದ. ವಾರದೊಳಗೆ ಊರಿನ ಮೂವರು ಆಪರೇಟರುಗಳ ಗಿರಾಕಿಗಳೂ ಮೂವರನ್ನೂ ಸಮಾನವಾಗಿ ಬೈಯತೊಡಗಿದರು.

ಕೊನೆಗೆ ಒಂದು ಸಂಜೆ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿಯಲ್ಲಿ ಮೂವರೂ ಕೂತೆವು. ಮೊದಲ ಚಹಾ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ. ಎರಡನೆಯದಕ್ಕೆ ಮಿರ್ಚಿ ಭಜಿ ಬಂತು. ಭಜಿ ಕಟ್ಟಿದ ಎಣ್ಣೆ ಹತ್ತಿದ ಕಾಗದದ ಮೇಲೆ ಏಳು ಚಾನೆಲ್ ಗೆರೆ ಹೊಡೆದು ಎರಡೆರಡು ಹಂಚಿಕೊಂಡೆವು. ಉಳಿದ ಒಂದನ್ನು ಯಾರೂ ಮುಟ್ಟಬಾರದು, ಯಾರದಾದರೂ ಲಿಂಕ್ ಕೆಟ್ಟ ದಿನ ಅದು ಅವರಿಗೆ. ಹರಾಜಿಲ್ಲ, ಸಹಿ ಇಲ್ಲ. ಆ ಕಾಗದ ನನ್ನ ಗಲ್ಲೆಯೊಳಗೆ ಇನ್ನೂ ಇದೆ, ಈಗ ಅಕ್ಷರಕ್ಕಿಂತ ಎಣ್ಣೆ ಕಲೆಯೇ ಹೆಚ್ಚು.

ಎರಡೇ ಚಾನೆಲ್ಲಿನಲ್ಲಿ ನಾಲ್ಕು ಸೆಕ್ಟರ್ ನಡೆಸುವುದು ಹೇಗೆ ಅಂತ ಕೇಳುತ್ತೀಯ. ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಚಾನೆಲ್, ಉತ್ತರಕ್ಕೂ ದಕ್ಷಿಣಕ್ಕೂ ಇನ್ನೊಂದು. ಬೆನ್ನಿಗೆ ಬೆನ್ನು ಕೊಟ್ಟ ಆಂಟೆನಾಗಳು ಒಂದು ಕೂಗುವಾಗ ಇನ್ನೊಂದು ಆಲಿಸುತ್ತಿದ್ದರೆ ಕಿವುಡಾಗುತ್ತದೆ, ಹಾಗಾಗಿ ಎಲ್ಲವೂ ಜಿಪಿಎಸ್ ಗಡಿಯಾರ ನೋಡಿಕೊಂಡು ಒಟ್ಟಿಗೇ ಕೂಗಿ ಒಟ್ಟಿಗೇ ಸುಮ್ಮನಾಗುವಂತೆ ಹೊಂದಿಸಬೇಕು. ಭಜನೆಯಲ್ಲಿ ತಾಳ ಹಿಡಿದ ಹಾಗೆ. ಹೊಸ ಸ್ಪೆಕ್ಟ್ರಂ ಬರದೆ ಇದೊಂದರಿಂದಲೇ ನನ್ನ ಟವರಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಕಾಗದದ ಕೊನೆಗೆ, 6 ಗಿಗಾಹರ್ಟ್ಸ್ ಪಟ್ಟಿ ತೆರೆದರೆ ನಮ್ಮಂಥವರಿಗೆ ಅನುಕೂಲವೇ ಅಂತಲೂ ಕೇಳಿದ್ದೀಯ. ಅಮೆರಿಕದಲ್ಲಿ 2020ರಲ್ಲೇ ಅಲ್ಲಿ 1200 ಮೆಗಾಹರ್ಟ್ಸ್ ಮುಕ್ತ ಮಾಡಿದರು. ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಕೆಳಗಿನ 500 ಮೆಗಾಹರ್ಟ್ಸಿಗೆ ಕರಡು ನಿಯಮ ಹೊರಟಿತು. ಅದರಲ್ಲಿ ಹೇಳಿದ್ದು ಮನೆಯೊಳಗೆ ಕಡಿಮೆ ಶಕ್ತಿ, ಹೊರಗೆ ಅತಿ ಕಡಿಮೆ ಶಕ್ತಿ. ಮನೆ ವೈಫೈಗೆ ಒಳ್ಳೆಯದು. ಟವರಿನಿಂದ ಹಳ್ಳಿಗೆ ಹಾರಿಸುವ ನನಗೆ ಅಂಥ ಶಕ್ತಿಯಲ್ಲಿ ಏನೂ ದಕ್ಕುವುದಿಲ್ಲ. ಈ ಸಲ ಪೇಢೆ ಹಂಚಲಿಲ್ಲ.

ಪ್ರಶ್ನೆ: ಸುರಪುರದಲ್ಲಿ ಮೊಬೈಲ್ ಅಂಗಡಿ ಇದೆ. ಲೈಸೆನ್ಸ್ ಬೇಡದ ಸ್ಪೆಕ್ಟ್ರಂ ಅಂತೀರಿ, ಹಾಗಾದರೆ ನಾನೂ ನಾಲ್ಕು ಡಿಶ್ ಕೂಡಿಸಿ ಶುರುಮಾಡಬಹುದಲ್ಲ?

ಉತ್ತರ: ಲೈಸೆನ್ಸ್ ಬೇಡದ್ದು ಆ ಪಟ್ಟಿಯ ಅಲೆಗೆ, ವ್ಯಾಪಾರಕ್ಕಲ್ಲ, ಅಣ್ಣಾರೆ. ಇಂಟರ್‌ನೆಟ್ ಮಾರಲು ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕೇ ಬೇಕು. ನಾನು ಮಾಡಿಸಿದಾಗ ದೇಶಕ್ಕೆಲ್ಲ ಎ, ಒಂದು ಸರ್ಕಲ್‌ಗೆ (ಹೆಚ್ಚುಕಡಿಮೆ ಒಂದು ರಾಜ್ಯ) ಬಿ, ಸಣ್ಣ ಸೀಮೆಗೆ ಸಿ ಅಂತ ಮೂರು ದರ್ಜೆ ಇದ್ದವು. ನೆರೆಮನೆಯ ಫೈಬರ್ ಕನೆಕ್ಷನ್ನನ್ನು ಡಿಶ್ಶಿಗೆ ಜೋಡಿಸಿ ಊರಿಗೆ ಮಾರಿದವರು ಒಂದಿಬ್ಬರು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದ್ದನ್ನು ಕಂಡಿದ್ದೇನೆ. ಆ ಲೈನಿನಿಂದ ಯಾರೋ ಏನೋ ಮಾಡಿದರೆ ಹೆಸರು ನಿಮ್ಮದೇ.

ಪರವಾನಗಿ ಮಾಡಿಸಿದರೆ ಒಂದು ಮಾತು: ಮೊದಲ ದುಡ್ಡು ಎತ್ತರದ ಟವರಿಗೆ ಹಾಕಬೇಡಿ. ನಾನು ಹಾಕಿ ಕೆಟ್ಟೆ. ಒಂದು ದೊಡ್ಡ ಟವರಿನಿಂದ ಹದಿನೈದು ಹಳ್ಳಿ ನೋಡುವ ಬದಲು ಫೈಬರನ್ನು ಎಷ್ಟು ಮುಂದಕ್ಕೆ ಎಳೆಯಲು ಆಗುತ್ತದೋ ಎಳೆದು, ಅಲ್ಲಿಂದ ಎರಡು ಮೂರು ಕಿಲೋಮೀಟರ್ ಮಾತ್ರ ಗಾಳಿ ಮೇಲೆ ಹಾರಿಸಿ. ಒಂದು ಎಳೆ ಫೈಬರಿನ ಸಾಮಾನ್ಯ ಜಿಪಾನ್ ಪೋರ್ಟ್ (ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಯಂತ್ರದ ಬಾಯಿ) 2.5 ಜಿಬಿಪಿಎಸ್, ಅಂದರೆ 2500 ಎಂಬಿಪಿಎಸ್, ಹೊರುತ್ತದೆ, ನನ್ನ ಸೆಕ್ಟರಿನ ಮೂವತ್ತು ಪಟ್ಟು. ದೂರ ಕಡಿಮೆಯಾದಷ್ಟು ಸಿಗ್ನಲ್ ಗಟ್ಟಿ, ಅದೇ 20 ಮೆಗಾಹರ್ಟ್ಸಿನಲ್ಲಿ ಹೆಚ್ಚು ಮಾಲು ಸಾಗುತ್ತದೆ, ಅದೇ ಚಾನೆಲ್ಲನ್ನು ಮುಂದಿನ ಊರಲ್ಲಿ ಮತ್ತೆ ಬಳಸಬಹುದು. ಜೆಸಿಬಿಯವರ ಫೋನ್ ನಂಬರ್ ಇಟ್ಟುಕೊಳ್ಳಿ. ರಸ್ತೆ ಅಗಲ ಮಾಡುವ ಸೀಜನ್ನಿನಲ್ಲಿ ಫೈಬರ್ ತುಂಡಾಗುವುದು ದಿನದ ಪಂಚಾಂಗ.

ಪ್ರಶ್ನೆ: 5ಜಿ ಬಂದಿದೆ, ಮೊಬೈಲ್ ಕಂಪನಿಗಳೇ ಮನೆಗೆ ವೈರಿಲ್ಲದ ಡಬ್ಬಿ ಕೊಡುತ್ತಿವೆ. ನಿಮ್ಮ ಅಂಗಡಿ ಇನ್ನೆಷ್ಟು ದಿನ? (ಬಸವಕಲ್ಯಾಣ)

ಉತ್ತರ: ಬಾಕಿ ಏನಾದರೂ ಇದೆಯೇನ್ರಿ ನಮ್ಮ ಹತ್ತಿರ? ಅವರಿಗೆ 3300 ಮೆಗಾಹರ್ಟ್ಸ್ ಕಡೆ ಒಂದೇ ಕಡೆ 100 ಮೆಗಾಹರ್ಟ್ಸ್ ಇದೆ, ಬೇರೆ ಯಾರೂ ನುಗ್ಗದ ಸ್ವಂತ ಹೊಲ. ಪಟ್ಟಣದಲ್ಲಿ ನಾನು ಅವರ ಎದುರು ನಿಲ್ಲಲಾರೆ, ಮೂವತ್ತಕ್ಕೂ ಹೆಚ್ಚು ಗಿರಾಕಿ ಈಗಾಗಲೇ ಹೋದರು. ಆದರೆ ಆ ಟವರೂ ಸೆಕ್ಟರೇ. ಒಬ್ಬ ಫೋನ್ ಗಿರಾಕಿ ತಿಂಗಳಿಗೆ ಬಳಸುವುದಕ್ಕಿಂತ ಎಷ್ಟೋ ಪಟ್ಟು ಒಂದು ಮನೆಯ ಟಿವಿ ಎಳೆಯುತ್ತದೆ. ಹೋದವರಲ್ಲಿ ಆರು ಮನೆ ವಾಪಸ್ ಬಂದಿವೆ, ಕಾರಣ ಕೇಳಿದರೆ “ಸಂಜಿ ಎಂಟಕ್ಕ ಅಲ್ಲೂ ಸುತ್ಲತ್ತದ್ರೀ” ಅಂದರು.

ಪ್ರಶ್ನೆ: ಮಳೆ ಬಂದರೆ ನೆಟ್ ಹೋಗುತ್ತದೆ, ಬೇಸಿಗೆಯಲ್ಲೂ ಹೋಗುತ್ತದೆ. ಯಾವ ಕಾಲಕ್ಕೆ ಇರುತ್ತದೆ ಹೇಳಿ. (ಶಹಾಪುರ)

ಉತ್ತರ: 5 ಗಿಗಾಹರ್ಟ್ಸಿಗೆ ಮಳೆ ದೊಡ್ಡ ಅಡ್ಡಿಯಲ್ಲ, 10 ಗಿಗಾಹರ್ಟ್ಸ್ ದಾಟಿದ ಮೇಲೆ ಹನಿಗಳ ಕಾಟ ಶುರು. ಮಳೆಗಾಲದ ನಿಮ್ಮ ತೊಂದರೆ ಬಹುತೇಕ ವೈರಿನ ಜೋಡಣೆಯಲ್ಲಿ ನೀರು ಇಳಿದದ್ದು. ಡಿಶ್ಶಿನ ಹತ್ತಿರ ಕೇಬಲ್ಲನ್ನು ಕೆಳಗೆ ಜೋಲು ಬಿಟ್ಟು ಮೇಲೆ ತಂದು ಜೋಡಿಸಿದ್ದಾರೋ ನೋಡಿ. ನೇರ ಇಳಿಸಿದ್ದರೆ ನೀರು ಅದರ ಗುಂಟ ಒಳಗೇ ಹೋಗುತ್ತದೆ.

ಬೇಸಿಗೆಯದು ನಮ್ಮ ಸೀಮೆಯದೇ ರೋಗ. ಎರೆ ಭೂಮಿ ಮಳೆಗೆ ಉಬ್ಬಿ, ಏಪ್ರಿಲ್‌ನಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಂಬಕ್ಕೆ ಎಳೆದು ಕಟ್ಟಿದ ತಂತಿಯ ಗೂಟ ಸಡಿಲಾಗಿ ಕಂಬ ಒಂದೆರಡು ಡಿಗ್ರಿ ವಾಲುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ದೂರದ ಲಿಂಕಿಗೆ ಹಾಕುವ ದೊಡ್ಡ ಡಿಶ್ಶಿನ ನೋಟವೇ ಐದಾರು ಡಿಗ್ರಿ ಅಗಲ, ಅದರಲ್ಲಿ ಎರಡು ಡಿಗ್ರಿ ಜಾರಿದರೆ ಗುರಿಯ ಅಂಚಿಗೆ ಬಂದ ಹಾಗೆ. ನಾನು ಪ್ರತಿ ಯುಗಾದಿಗೆ ತಂತಿ ಬಿಗಿಸಲು ಹುಡುಗರನ್ನು ಕಳಿಸುತ್ತೇನೆ. ನಿಮ್ಮವರು ಕಳಿಸುತ್ತಾರೋ ಕೇಳಿ.

ಪ್ರಶ್ನೆ: ನನ್ನ ಹೊಲದ ಬದುವಿನಲ್ಲಿ ಇಂಟರ್‌ನೆಟ್ ಕಂಬ ನಿಲ್ಲಿಸುತ್ತೇವೆ ಅಂತ ಬಂದಿದ್ದಾರೆ. ಅದರಿಂದ ತೊಗರಿ ಹೂ ಉದುರುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ಖರೆಯೇನು? (ಆಳಂದ ತಾಲ್ಲೂಕಿನ ಹಿರಿಯ ರೈತರು)

ಉತ್ತರ: ಕಾಕಾ, ಆ ರೇಡಿಯೋದ ಶಕ್ತಿ ಒಂದು ವ್ಯಾಟ್ ಆಸುಪಾಸು, ನಿಮ್ಮ ದೇವರ ಮನೆಯ ಸಣ್ಣ ಬಲ್ಬಿಗೂ ಅದಕ್ಕಿಂತ ಹೆಚ್ಚು ಬೇಕು. ಮೋಡ ಕವಿದು ಮಂಜು ಬಿದ್ದರೆ ತೊಗರಿ ಹೂ ಉದುರುವುದು ಯಾವ ಕಂಬವೂ ಇಲ್ಲದ ನಮ್ಮಪ್ಪನ ಕಾಲದಲ್ಲೂ ಇತ್ತು. ಹೂವಿನ ಚಿಂತೆಗೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಕಂಬದ ವಿಷಯದಲ್ಲಿ ವರ್ಷದ ಬಾಡಿಗೆ ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ಮನೆಗೆ ಒಂದು ಕನೆಕ್ಷನ್ ಪುಕ್ಕಟೆ ಕೇಳಿ, ಕೊಡುತ್ತಾರೆ. ತಂತಿಯ ಗೂಟಗಳು ಕುಂಟೆ ತಿರುಗಿಸುವ ಜಾಗಕ್ಕೆ ಬರದ ಹಾಗೆ ನೀವೇ ನಿಂತು ಹಾಕಿಸಿ.